ಲಯ ಮರಳಿಸುವುದೋ, ವೇಗವನ್ನಷ್ಟೇ ಹಿಡಿದಿಡುವುದೋ: ಸಂಶೋಧನೆಗಳೇ ಒಂದೊಂದು ಮಾತು ಹೇಳಿದರೆ ನಂಬುವುದು ಯಾವುದನ್ನು?

ಪ್ರಶ್ನಾರ್ಥಕ
ನನ್ನ ತಂದೆಯವರಿಗೆ 68 ವರ್ಷ. ನಾಲ್ಕು ತಿಂಗಳ ಹಿಂದೆ ಅವರಿಗೆ ಏಟ್ರಿಯಲ್ ಫಿಬ್ರಿಲೇಷನ್ ಇದೆಯೆಂದು ಇಸಿಜಿಯಲ್ಲಿ ಗೊತ್ತಾಯಿತು. ಹೃದಯದ ಮೇಲಿನ ಎರಡು ಕೋಣೆಗಳು ಹದವಾಗಿ ಸಂಕುಚಿಸುವುದನ್ನು ಬಿಟ್ಟು ಅಡ್ಡಾದಿಡ್ಡಿ ಅದುರುತ್ತವೆ, ಅದರಿಂದಾಗಿ ನಾಡಿ ಲಯ ತಪ್ಪುತ್ತದೆ ಎಂದು ವೈದ್ಯರು ವಿವರಿಸಿದರು. ಸದ್ಯಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಒಂದು ಮಾತ್ರೆ ಮತ್ತು ಬಡಿತದ ವೇಗ ತಗ್ಗಿಸುವ ಇನ್ನೊಂದು ಮಾತ್ರೆ ನಡೆಯುತ್ತಿವೆ.

ಈಗ ಅವರನ್ನು ಒಂದು ಚಿಕಿತ್ಸಾ ಪ್ರಯೋಗಕ್ಕೆ ಸೇರುವಿರಾ ಎಂದು ಕೇಳಿದ್ದಾರೆ. ಒಂದು ಗುಂಪಿಗೆ ಮೊದಲೇ ಕ್ಯಾಥೆಟರ್ ಅಬ್ಲೇಷನ್ (ರಕ್ತನಾಳದ ಮೂಲಕ ತೆಳು ನಳಿಕೆ ಕಳಿಸಿ ಹೃದಯದೊಳಗೆ ಮಾಡುವ ಚಿಕಿತ್ಸೆ), ಇನ್ನೊಂದು ಗುಂಪಿಗೆ ಮಾತ್ರೆ. ಯಾರು ಯಾವ ಗುಂಪಿಗೆ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸುತ್ತದೆಯಂತೆ. ಸ್ವಲ್ಪ ಓದಿಕೊಳ್ಳೋಣವೆಂದು ಕುಳಿತರೆ, 2002ರ ಒಂದು ದೊಡ್ಡ ಪ್ರಯೋಗವು ಲಯವನ್ನು ಸರಿಪಡಿಸಲು ಹೆಣಗುವುದರಿಂದ ಆಯುಷ್ಯವೇನೂ ಹೆಚ್ಚುವುದಿಲ್ಲ ಎನ್ನುತ್ತದೆ. 2020ರ ಮತ್ತೊಂದು ಪ್ರಯೋಗವು ಬೇಗನೆ ಲಯ ಸರಿಪಡಿಸಿದರೆ ಒಳ್ಳೆಯದು ಎನ್ನುತ್ತದೆ. ನನಗೆ ಎರಡು ಪ್ರಶ್ನೆಗಳಿವೆ. ಈ ಎರಡರಲ್ಲಿ ಯಾವುದು ಸರಿ? ಅದಕ್ಕಿಂತ ಮುಖ್ಯವಾಗಿ, ಒಬ್ಬ ಮನುಷ್ಯನ ಹೃದಯದ ಚಿಕಿತ್ಸೆಯನ್ನು ಚೀಟಿ ಎತ್ತಿ ನಿರ್ಧರಿಸುವುದು ಯಾವ ನ್ಯಾಯ?

ಮಿತಭಾಷಿ
ಹೃದಯಾಘಾತ ಆದವರಿಗೆ ಲಯ ಮೊದಲು ಸರಿಯಾಗಲೇಬೇಕು, ಇದರಲ್ಲಿ ಚರ್ಚೆಗೆ ಏನಿದೆ?

ರಾತ್ರಿಪಾಳಿ
ಮಿತಭಾಷಿಯವರೇ, ಅವರ ತಂದೆಯವರಿಗೆ ಹೃದಯಾಘಾತ ಆಗಿಲ್ಲ. ಹೃದಯಾಘಾತವೆಂದರೆ ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯು ಸಾಯುವುದು. ಇದು ವಿದ್ಯುತ್ ಸಂಕೇತ ದಾರಿತಪ್ಪುವ ತೊಂದರೆ. ಇಲ್ಲಿ ದೊಡ್ಡ ಅಪಾಯ ಪಾರ್ಶ್ವವಾಯು, ಏಕೆಂದರೆ ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು.

ಅಂಕಿಗಾರ
ಆದರೂ ಮಿತಭಾಷಿಯವರ ಒಂದೇ ಸಾಲು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಈ ಕ್ಷೇತ್ರದಲ್ಲೇ ಒಂದು ಕಥೆಯಿದೆ. ಚೀಟಿ ಎತ್ತುವುದು ಯಾವ ನ್ಯಾಯ ಎಂದು ಕೇಳಿದವರೂ ಅದನ್ನು ಓದಬೇಕು.

1980ರ ದಶಕದಲ್ಲಿ, ಹೃದಯಾಘಾತದಿಂದ ಚೇತರಿಸಿಕೊಂಡವರ ಇಸಿಜಿಯಲ್ಲಿ ಕೆಳಕೋಣೆಗಳಿಂದ ಹೊರಡುವ ಹೆಚ್ಚುವರಿ ಮಿಡಿತಗಳು ಕಂಡರೆ ಅವರು ಹಠಾತ್ ಸಾಯುವ ಸಂಭವ ಹೆಚ್ಚು ಎಂಬುದು ವೈದ್ಯರಿಗೆ ತಿಳಿದಿತ್ತು. ಆ ಮಿಡಿತಗಳನ್ನು ಅಡಗಿಸುವ ಮಾತ್ರೆಗಳೂ ಇದ್ದವು. ಹಾಗಾದರೆ ಮಾತ್ರೆ ಕೊಟ್ಟು ಮಿಡಿತ ಅಡಗಿಸಿದರೆ ಸಾವೂ ತಪ್ಪುತ್ತದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಅನೇಕ ವೈದ್ಯರು ಹಾಗೆಯೇ ಬರೆದುಕೊಡುತ್ತಿದ್ದರು. ಇದನ್ನು ಪರೀಕ್ಷಿಸಲು ಕ್ಯಾಸ್ಟ್ ಎಂಬ ಪ್ರಯೋಗ ನಡೆಯಿತು. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಎರಡು ಮಾತ್ರೆಗಳ ಭಾಗದಲ್ಲಿ 1,498 ಜನರಿದ್ದರು. ಗಮನಿಸಿ, ಅವರೆಲ್ಲರಲ್ಲೂ ಮಾತ್ರೆಯಿಂದ ಮಿಡಿತಗಳು ಅಡಗುತ್ತವೆ ಎಂದು ಮೊದಲೇ ಖಚಿತಪಡಿಸಿಕೊಳ್ಳಲಾಗಿತ್ತು. ಸರಾಸರಿ ಹತ್ತು ತಿಂಗಳು ಕಳೆಯುವಷ್ಟರಲ್ಲಿ, ನಿಜವಾದ ಮಾತ್ರೆ ತೆಗೆದುಕೊಂಡ 755 ಜನರಲ್ಲಿ 63 ಮಂದಿ ಸತ್ತಿದ್ದರು. ಹುಸಿ ಮಾತ್ರೆ ತೆಗೆದುಕೊಂಡ 743 ಜನರಲ್ಲಿ ಸತ್ತವರು 26 ಮಂದಿ. 1989ರಲ್ಲೇ ಈ ಭಾಗವನ್ನು ನಿಲ್ಲಿಸಬೇಕಾಯಿತು.

ಇಸಿಜಿ ಸುಂದರವಾಯಿತು, ರೋಗಿ ಉಳಿಯಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುವುದು ಇದಕ್ಕೇ. ಚೀಟಿ ಎತ್ತದೆ ಹೋಗಿದ್ದರೆ ಈ ಸಾವುಗಳನ್ನೆಲ್ಲ ಹೃದಯಾಘಾತದ ಲೆಕ್ಕಕ್ಕೇ ಬರೆದುಬಿಡುತ್ತಿದ್ದರು.

ಪ್ರಶ್ನಾರ್ಥಕ
ಇದನ್ನು ಓದಿ ನನಗೆ ಧೈರ್ಯ ಬರುವುದರ ಬದಲು ಭಯವಾಯಿತು. ಆ 63 ಜನರ ಮನೆಯವರೂ ನನ್ನ ಹಾಗೆಯೇ ಒಪ್ಪಿಗೆ ಪತ್ರ ಓದಿರುತ್ತಾರಲ್ಲವೇ?

ಅಂಕಿಗಾರ
ಓದಿರುತ್ತಾರೆ, ನಿಮ್ಮ ಮಾತು ಸರಿ. ಆದರೆ ಪ್ರಯೋಗದ ಹೊರಗೆ ಅದೇ ಮಾತ್ರೆ ನುಂಗುತ್ತಿದ್ದವರಿಗೆ ಒಪ್ಪಿಗೆ ಪತ್ರವೂ ಇರಲಿಲ್ಲ, ಸಾವುಗಳನ್ನು ಎಣಿಸುವವರೂ ಇರಲಿಲ್ಲ.

ಸಂಶಯಪ್ರಾಣಿ
ಎಲ್ಲವೂ ಚೆನ್ನಾಗಿದೆ, ಆದರೆ ಪ್ರಯೋಗಗಳಿಗೆ ಹಣ ಹಾಕುವವರು ಯಾರು ಎಂಬುದನ್ನು ಯಾರೂ ಹೇಳುತ್ತಿಲ್ಲ. ಮಾತ್ರೆ ತಯಾರಿಸುವವರೇ, ಕ್ಯಾಥೆಟರ್ ಮಾರುವವರೇ ಹಣ ಕೊಟ್ಟರೆ ಫಲಿತಾಂಶ ಯಾರ ಕಡೆಗೆ ವಾಲುತ್ತದೆ ಎಂದು ಊಹಿಸಲು ಗಣಿತ ಬೇಕಿಲ್ಲ.

ಅಂಕಿಗಾರ
ಪ್ರಶ್ನೆ ಸರಿಯಾದದ್ದೇ, ಆದರೆ ಉದಾಹರಣೆಗಳು ನಿಮ್ಮ ಕೈಬಿಡುತ್ತವೆ. ಕ್ಯಾಸ್ಟ್‌ಗೂ, ಪ್ರಶ್ನಾರ್ಥಕ ಅವರು ಓದಿದ 2002ರ ಅಫರ್ಮ್‌ಗೂ ಹಣ ಕೊಟ್ಟದ್ದು ಅಮೆರಿಕ ಸರ್ಕಾರದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆ. ಕಬಾನಾ ಎಂಬ ಅಬ್ಲೇಷನ್ ಪ್ರಯೋಗಕ್ಕೆ ಸರ್ಕಾರದ ಹಣದ ಜೊತೆಗೆ ಉಪಕರಣ ಕಂಪನಿಗಳ ಹಣವೂ ಇತ್ತು, ಆದರೂ ಅದರ ಮುಖ್ಯ ಫಲಿತಾಂಶ ಆ ಕಂಪನಿಗಳಿಗೆ ಬೇಕಾದಂತೆ ಬರಲಿಲ್ಲ.

ಹಳೆಯ_ರೋಗಿ
ಒಂಬತ್ತು ವರ್ಷದಿಂದ ಈ ಕಾಯಿಲೆಯೊಡನೆ ಬದುಕುತ್ತಿರುವವನ ಮಾತನ್ನೂ ಕೇಳಿ. ಮೊದಲ ಮೂರು ವರ್ಷ ನನಗೆ ವೇಗ ತಗ್ಗಿಸುವ ಮಾತ್ರೆಯಷ್ಟೇ ಇತ್ತು. ಆಯುಷ್ಯದ ಲೆಕ್ಕ ಏನಾದರೂ ಇರಲಿ, ಒಂದು ಮಹಡಿ ಹತ್ತಿದರೆ ನಡುವೆ ನಿಂತು ಉಸಿರು ತೆಗೆದುಕೊಳ್ಳಬೇಕಾಗಿತ್ತು, ರಾತ್ರಿ ಎಡಮಗ್ಗುಲಿಗೆ ಮಲಗಿದರೆ ಎದೆಯೊಳಗೆ ಮೀನು ಒದ್ದಾಡಿದ ಹಾಗಾಗುತ್ತಿತ್ತು. ಅಬ್ಲೇಷನ್ ಆದ ಮೇಲೆ ಎರಡು ವರ್ಷ ಒಂದು ಸಲವೂ ಬರಲಿಲ್ಲ, ಈಗ ಅಪರೂಪಕ್ಕೆ ಬರುತ್ತದೆ. ಸತ್ತವರನ್ನು ಮಾತ್ರ ಎಣಿಸುವ ಪ್ರಯೋಗದಲ್ಲಿ ನನ್ನಂಥವನ ಸುಖದುಃಖಕ್ಕೆ ಯಾವ ಅಂಕಣವಿದೆ?

ಸಂಶಯಪ್ರಾಣಿ
ಅಬ್ಲೇಷನ್ ಆಗಿದೆ ಎಂಬ ನಂಬಿಕೆಯಿಂದಲೇ ನಿಮಗೆ ಹಗುರವೆನಿಸಿರಬಾರದೇಕೆ?

ಹಳೆಯ_ರೋಗಿ
ನಂಬಿಕೆಯಿಂದ ಮಹಡಿ ಹತ್ತಲು ಬರುತ್ತದೆಯೇ? ಬರುವುದಾಗಿದ್ದರೆ ಮಾತ್ರೆಯ ಮೇಲೂ ನನಗೆ ನಂಬಿಕೆಯಿತ್ತು.

ರಾತ್ರಿಪಾಳಿ
ಇಬ್ಬರೂ ಜಗಳ ಆಡಬೇಕಾಗಿಲ್ಲ, ಇದನ್ನೇ ಪರೀಕ್ಷಿಸಿದ ಪ್ರಯೋಗವೊಂದು 2024ರಲ್ಲಿ ಪ್ರಕಟವಾಯಿತು, ಹೆಸರು ಶಾಮ್-ಪಿವಿಐ. ಬ್ರಿಟನ್ನಿನಲ್ಲಿ 126 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶೀತಲೀಕರಣದ ಅಬ್ಲೇಷನ್ ಮಾಡಿದರು, ಇನ್ನೊಂದು ಗುಂಪಿಗೆ ಅಬ್ಲೇಷನ್ ಮಾಡಿದಂತೆ ನಟಿಸಿದರು. ತಮಗೆ ಯಾವುದು ಆಯಿತೆಂದು ರೋಗಿಗಳಿಗೆ ಹೇಳಲಿಲ್ಲ. ಚರ್ಮದಡಿ ಇರಿಸಿದ ಪುಟ್ಟ ಯಂತ್ರವು ಲಯ ತಪ್ಪಿದ ಹೊತ್ತನ್ನೆಲ್ಲ ದಾಖಲಿಸುತ್ತಿತ್ತು. ಆರು ತಿಂಗಳಿಗೆ ಆ ಹೊತ್ತು ನಿಜವಾದ ಅಬ್ಲೇಷನ್ ಆದವರಲ್ಲಿ ಸುಮಾರು ಶೇಕಡಾ 60ರಷ್ಟು, ನಟನೆಯ ಗುಂಪಿನಲ್ಲಿ ಶೇಕಡಾ 35ರಷ್ಟು ಕಡಿಮೆಯಾಗಿತ್ತು. ಬದುಕಿನ ಗುಣಮಟ್ಟದ ಅಂಕಗಳೂ ನಿಜವಾದ ಅಬ್ಲೇಷನ್ ಆದವರಲ್ಲಿ ಸ್ಪಷ್ಟವಾಗಿ ಹೆಚ್ಚು ಸುಧಾರಿಸಿದ್ದವು. ಹಳೆಯ ರೋಗಿಯವರ ಮಹಡಿ ಕೇವಲ ನಂಬಿಕೆಯದಲ್ಲ.

ಸಂಶಯಪ್ರಾಣಿ
ಏನೂ ಮಾಡದವರಲ್ಲೂ ಶೇಕಡಾ 35 ಇಳಿದಿದೆಯಲ್ಲ, ನಾನು ಹೇಳಿದ್ದೂ ಅದನ್ನೇ.

ಅಂಕಿಗಾರ
ಆ 35 ಪೂರ್ತಿ ನಂಬಿಕೆಯ ಫಲವೆಂದು ಓದಬೇಡಿ. ಈ ಕಾಯಿಲೆ ತಾನಾಗಿಯೇ ಏರಿಳಿಯುತ್ತದೆ, ಮತ್ತು ಜನ ಚಿಕಿತ್ಸೆಗೆ ಬರುವುದು ಅದು ಏರಿರುವಾಗ. ಏರಿದ್ದು ಏನೂ ಮಾಡದಿದ್ದರೂ ಒಂದಿಷ್ಟು ಇಳಿಯುತ್ತದೆ. ನಟನೆಯ ಗುಂಪು ಇಲ್ಲದಿದ್ದರೆ ಆ ಇಳಿತವನ್ನೂ ಅಬ್ಲೇಷನ್ನಿನ ಖಾತೆಗೇ ಜಮಾ ಮಾಡುತ್ತಿದ್ದೆವು.

ಆರಕ್ಕೇರದವ
ಅಬ್ಲೇಷನ್ ಎಂದರೆ ಒಳಗೆ ಏನನ್ನು ಸುಡುತ್ತಾರೆ ಎಂದು ಯಾರಾದರೂ ಹೇಳುವಿರಾ? ಹೃದಯವನ್ನೇ ಸುಟ್ಟರೆ ಅದು ಕೆಲಸ ಮಾಡುವುದು ಹೇಗೆ?

ರಾತ್ರಿಪಾಳಿ
1998ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಮಿಶೆಲ್ ಹೈಸಾಗೆರ್ ಮತ್ತು ಸಂಗಡಿಗರು 45 ರೋಗಿಗಳನ್ನು ಪರೀಕ್ಷಿಸಿ, ಈ ಅದುರುವಿಕೆಗೆ ಕಿಡಿ ಹೊತ್ತಿಸುವ ಮಿಡಿತಗಳು ಬಹುಪಾಲು ಶ್ವಾಸಕೋಶದಿಂದ ಎಡಮೇಲ್ಕೋಣೆಗೆ ರಕ್ತ ತರುವ ಅಭಿಧಮನಿಗಳ ಒಳಗಿಂದ ಹೊರಡುತ್ತವೆ ಎಂದು ತೋರಿಸಿದರು. ಹಾಗಾಗಿ ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ಒಳಗೆ ಕಳಿಸಿ, ಆ ಅಭಿಧಮನಿಗಳು ಕೋಣೆಗೆ ಸೇರುವ ಬಾಯಿಯ ಸುತ್ತ ಬಳೆಯಂತೆ ಗಾಯದ ಗೆರೆ ಎಳೆಯುತ್ತಾರೆ. ಗಾಯದ ಅಂಗಾಂಶ ವಿದ್ಯುತ್ತನ್ನು ದಾಟಿಸುವುದಿಲ್ಲ. ಕಿಡಿ ಒಳಗೇ ಉಳಿಯುತ್ತದೆ. ಶಾಖ, ಶೀತ, ಈಚೆಗೆ ವಿದ್ಯುತ್ ಕ್ಷೇತ್ರದ ಸ್ಪಂದಗಳು, ಇವು ಮೂರೂ ಆ ಗೆರೆ ಎಳೆಯುವ ಬೇರೆಬೇರೆ ಸಾಧನಗಳು. ಗೆರೆಯಲ್ಲಿ ಎಲ್ಲೋ ಬಿರುಕು ಉಳಿದರೆ ಕಾಯಿಲೆ ಮರಳಬಹುದು. ಅಪಾಯವೇ ಇಲ್ಲವೆಂದೂ ಅಲ್ಲ: ರಕ್ತಸ್ರಾವ, ಹೃದಯದ ಸುತ್ತಲ ಚೀಲದಲ್ಲಿ ರಕ್ತ ತುಂಬುವುದು, ಅಪರೂಪಕ್ಕೆ ಪಾರ್ಶ್ವವಾಯು ಆಗಬಹುದು. ಒಪ್ಪಿಗೆ ಪತ್ರದ ಆ ಪುಟವನ್ನು ಹಾರಿಸಿ ಓದಬೇಡಿ.

ಅಂಕಿಗಾರ
ಈಗ ಪ್ರಶ್ನಾರ್ಥಕ ಅವರ ಮೊದಲ ಪ್ರಶ್ನೆಗೆ ಬರೋಣ, ಅದು ದಾರಿಯಲ್ಲೇ ಉಳಿದುಬಿಟ್ಟಿದೆ.

2002ರ ಅಫರ್ಮ್‌ನಲ್ಲಿ 4,060 ಜನರಿದ್ದರು, ಸರಾಸರಿ ವಯಸ್ಸು ಸುಮಾರು 70. ಲಯ ಮರಳಿಸುವ ಗುಂಪಿನಲ್ಲಿ ಐದು ವರ್ಷಕ್ಕೆ ಅಂದಾಜು ಶೇಕಡಾ 23.8 ಮಂದಿ, ವೇಗ ನಿಯಂತ್ರಿಸುವ ಗುಂಪಿನಲ್ಲಿ ಶೇಕಡಾ 21.3 ಮಂದಿ ತೀರಿಕೊಂಡರು. ಈ ಅಂತರವನ್ನು ಆಕಸ್ಮಿಕವಲ್ಲ ಎನ್ನಲು ಬರುವಂತಿರಲಿಲ್ಲ. ಆದರೆ ಲಯ ಮರಳಿಸುವ ಗುಂಪಿಗೆ ಸಿಕ್ಕಿದ್ದು ಮುಖ್ಯವಾಗಿ ಅಮಿಯೊಡರೋನ್‌ನಂಥ ಮಾತ್ರೆಗಳು, ಮತ್ತು ಐದನೇ ವರ್ಷಕ್ಕೆ ಆ ಗುಂಪಿನಲ್ಲೂ ಲಯ ಸರಿಯಿದ್ದವರು ಶೇಕಡಾ 63ರಷ್ಟು ಮಾತ್ರ. ಇನ್ನೊಂದು ಎಡವಟ್ಟೂ ಇತ್ತು: ಲಯ ಸರಿಹೋದವರು ವೈದ್ಯರ ಒಪ್ಪಿಗೆಯ ಮೇರೆಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಿಲ್ಲಿಸಬಹುದಾಗಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಅನೇಕರು ನಿಲ್ಲಿಸಿದರು. ಎರಡೂ ಗುಂಪುಗಳಲ್ಲಿ ಪಾರ್ಶ್ವವಾಯುಗಳಲ್ಲಿ ಹೆಚ್ಚಿನವು ಬಂದದ್ದು ವಾರ್ಫರಿನ್ ನಿಲ್ಲಿಸಿದವರಿಗೆ ಅಥವಾ ಅದರ ಪ್ರಮಾಣ ಸಾಲದಿದ್ದವರಿಗೆ.

2020ರ ಈಸ್ಟ್-ಎಎಫ್‌ನೆಟ್ 4 ಬೇರೆ ಪ್ರಶ್ನೆಯನ್ನೇ ಕೇಳಿತು. ಅದರ 2,789 ಜನರೆಲ್ಲ ಕಾಯಿಲೆ ಪತ್ತೆಯಾಗಿ ಒಂದು ವರ್ಷದೊಳಗಿನವರು, ಹೆಚ್ಚುಕಡಿಮೆ ಎಲ್ಲರೂ ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಮುಂದುವರಿಸಿದವರು. ಹೃದಯ ಸಂಬಂಧಿ ಸಾವು, ಪಾರ್ಶ್ವವಾಯು, ಹೃದಯ ವೈಫಲ್ಯ ಹೆಚ್ಚಿ ಅಥವಾ ಹೃದಯದ ರಕ್ತನಾಳದ ತೊಂದರೆಯಿಂದ ಆಸ್ಪತ್ರೆ ಸೇರುವುದು, ಇವೆಲ್ಲವನ್ನೂ ಕೂಡಿ ಎಣಿಸಿದಾಗ, ಬೇಗನೆ ಲಯ ಸರಿಪಡಿಸಿದವರಲ್ಲಿ ವರ್ಷಕ್ಕೆ ನೂರಕ್ಕೆ 3.9, ಉಳಿದವರಲ್ಲಿ 5.0 ಇತ್ತು. ಎರಡು ಪ್ರಯೋಗಗಳು ಒಂದನ್ನೊಂದು ಸುಳ್ಳು ಮಾಡುತ್ತಿಲ್ಲ. ಹದಿನೆಂಟು ವರ್ಷಗಳ ಅಂತರದಲ್ಲಿ ರೋಗಿ ಬೇರೆ, ಚಿಕಿತ್ಸೆ ಬೇರೆ, ಎಣಿಸಿದ್ದು ಬೇರೆ.

ಸಂಶಯಪ್ರಾಣಿ
ನೂರಕ್ಕೆ ಒಂದು ಚಿಲ್ಲರೆ ವ್ಯತ್ಯಾಸ. ಇದಕ್ಕೆ ಇಷ್ಟು ಗದ್ದಲವೇ?

ಅಂಕಿಗಾರ
ಅದು ಪ್ರತಿ ವರ್ಷಕ್ಕೆ ನೂರಕ್ಕೆ ಒಂದು. ಐದು ವರ್ಷ ಕೂಡಿಸಿ ನೋಡಿ. ಆದರೆ ನಿಮ್ಮ ಪರವಾಗಿಯೂ ಒಂದು ಮಾತು ಹೇಳುತ್ತೇನೆ: ಲಯದ ಚಿಕಿತ್ಸೆಯಿಂದಲೇ ಆದ ಗಂಭೀರ ತೊಂದರೆಗಳು ಅದೇ ಪ್ರಯೋಗದಲ್ಲಿ ಶೇಕಡಾ 4.9 ಮಂದಿಗೆ, ಇನ್ನೊಂದು ಗುಂಪಿನಲ್ಲಿ ಶೇಕಡಾ 1.4 ಮಂದಿಗೆ ಆದವು. ಆಸ್ಪತ್ರೆಯಲ್ಲಿ ಕಳೆದ ರಾತ್ರಿಗಳೂ ಕಡಿಮೆಯಾಗಲಿಲ್ಲ.

ಆರಕ್ಕೇರದವ
ಕಬಾನಾದಲ್ಲಿ ನಿಜವಾಗಿ ಅಬ್ಲೇಷನ್ ಆದವರನ್ನಷ್ಟೇ ಲೆಕ್ಕ ಹಾಕಿದರೆ ಅಬ್ಲೇಷನ್ ಸ್ಪಷ್ಟವಾಗಿ ಗೆದ್ದಿದೆ ಎಂದು ಓದಿದ ನೆನಪು. ಮತ್ತೇಕೆ ಅದನ್ನು ಸೋಲು ಎನ್ನುತ್ತೀರಿ?

ಅಂಕಿಗಾರ
ಓದಿದ್ದು ಸರಿ, ತೀರ್ಮಾನ ಜಾರುತ್ತದೆ. 2019ರಲ್ಲಿ ಬಂದ ಆ ಪ್ರಯೋಗದ 2,204 ಜನರಲ್ಲಿ, ಮಾತ್ರೆಯ ಗುಂಪಿಗೆ ಬಿದ್ದವರ ಪೈಕಿ ಶೇಕಡಾ 27.5 ಮಂದಿ ಆಮೇಲೆ ಅಬ್ಲೇಷನ್ ಮಾಡಿಸಿಕೊಂಡರು; ಅಬ್ಲೇಷನ್ ಗುಂಪಿನಲ್ಲಿ ಶೇಕಡಾ 9ರಷ್ಟು ಮಂದಿ ಮಾಡಿಸಿಕೊಳ್ಳಲೇ ಇಲ್ಲ. ಚೀಟಿ ಬಿದ್ದ ಗುಂಪಿನ ಪ್ರಕಾರ ಎಣಿಸಿದರೆ ಸಾವು, ಅಂಗವೈಕಲ್ಯ ತರುವ ಪಾರ್ಶ್ವವಾಯು, ತೀವ್ರ ರಕ್ತಸ್ರಾವ, ಹೃದಯ ಸ್ತಂಭನ, ಇವು ಒಟ್ಟಿಗೆ ಅಬ್ಲೇಷನ್ ಗುಂಪಿನಲ್ಲಿ ಶೇಕಡಾ 8.0, ಮಾತ್ರೆಯ ಗುಂಪಿನಲ್ಲಿ 9.2, ಗೆಲುವೆನ್ನಲು ಅಷ್ಟು ಸಾಲದು. ಮಾಡಿಸಿಕೊಂಡವರನ್ನಷ್ಟೇ ಎಣಿಸಿದರೆ ಅಂತರ ಹಿಗ್ಗುತ್ತದೆ, ನಿಜ. ಆದರೆ ಕಾಯಿಲೆ ಬಿಗಡಾಯಿಸಿ ಅಬ್ಲೇಷನ್ನಿಗೆ ಹೋಗಲು ಶಕ್ತಿಯಿಲ್ಲದೆ ಉಳಿದವರು ಯಾವ ಪಟ್ಟಿಗೆ ಸೇರಿದರು ಎಂದು ಯೋಚಿಸಿ. ಚೀಟಿ ಎತ್ತಿ ಸರಿಸಮ ಮಾಡಿದ ಗುಂಪುಗಳನ್ನು ನಾವೇ ಮತ್ತೆ ಆರಿಸಿ ಕೆಡಿಸಿದಂತಾಗುತ್ತದೆ.

ಹಳೆಯ_ರೋಗಿ
ಅದೇ ಕಬಾನಾದಲ್ಲಿ ಅಬ್ಲೇಷನ್ ಗುಂಪಿನವರು ಹೆಚ್ಚು ಚೆನ್ನಾಗಿದ್ದೇವೆಂದು ಹೇಳಿದ್ದನ್ನು ನೀವು ಬಿಟ್ಟಿರಿ.

ಅಂಕಿಗಾರ
ಬಿಟ್ಟದ್ದು ತಪ್ಪು. ಬದುಕಿನ ಗುಣಮಟ್ಟ ಆ ಗುಂಪಿನಲ್ಲಿ ಉತ್ತಮವಾಗಿತ್ತು. ಆದರೆ ಅಲ್ಲಿ ಎಲ್ಲರಿಗೂ ತಮಗೆ ಯಾವ ಚಿಕಿತ್ಸೆ ಆಯಿತೆಂದು ಗೊತ್ತಿತ್ತು, ಅದಕ್ಕೇ ಶಾಮ್-ಪಿವಿಐನಂಥ ಪ್ರಯೋಗ ಬೇಕಾಯಿತು.

ಮಿತಭಾಷಿ
ಮದ್ಯ ಬಿಟ್ಟರೆ ಸಾಕು ಎನ್ನುತ್ತಾರಲ್ಲ, ಅದಕ್ಕೂ ಪ್ರಯೋಗ ಉಂಟೇ?

ರಾತ್ರಿಪಾಳಿ
ಉಂಟು. ಆಸ್ಟ್ರೇಲಿಯದಲ್ಲಿ ನಿಯಮಿತವಾಗಿ ಕುಡಿಯುತ್ತಿದ್ದ 140 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮದ್ಯ ಬಿಡಲು ಹೇಳಿದರು. ಆರು ತಿಂಗಳಲ್ಲಿ ಬಿಟ್ಟ ಗುಂಪಿನಲ್ಲಿ ಶೇಕಡಾ 53 ಮಂದಿಗೆ, ಮುಂದುವರಿಸಿದವರಲ್ಲಿ ಶೇಕಡಾ 73 ಮಂದಿಗೆ ಕಾಯಿಲೆ ಮರುಕಳಿಸಿತು. 2020ರಲ್ಲಿ ಪ್ರಕಟವಾಯಿತು. ಸಾಕು ಎನ್ನಲಾಗದು, ಲಾಭವಿದೆ ಎನ್ನಬಹುದು.

ಅಜ್ಜಿಯ_ಮೊಮ್ಮಗ
ವಿಷಯ ತಪ್ಪಿಸುತ್ತಿದ್ದರೆ ಕ್ಷಮಿಸಿ. ನಮ್ಮ ಅಜ್ಜಿಗೆ 84 ವರ್ಷ, ಇದೇ ಕಾಯಿಲೆಗೆ ಎಷ್ಟೋ ಕಾಲದಿಂದ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದಾರೆ. ರಕ್ತ ಪರೀಕ್ಷೆಗೆ ಮತ್ತೆಮತ್ತೆ ಕರೆದೊಯ್ಯುವ ತೊಂದರೆ ತಪ್ಪುತ್ತದೆಂದು ಹೊಸ ಮಾತ್ರೆಗೆ ಬದಲಾಯಿಸಲು ನಾವೇ ಒತ್ತಾಯಿಸುತ್ತಿದ್ದೇವೆ. ಹೊಸತು ಎಲ್ಲ ರೀತಿಯಲ್ಲೂ ಮೇಲು ಎಂದು ಪ್ರಯೋಗಗಳು ತೋರಿಸಿವೆಯಲ್ಲವೇ?

ಅಂಕಿಗಾರ
ಹೊಸದಾಗಿ ಮಾತ್ರೆ ಶುರುಮಾಡುವವರಿಗೆ ಬಹುಮಟ್ಟಿಗೆ ಹೌದು. 2011ರ ಅರಿಸ್ಟಾಟಲ್ ಪ್ರಯೋಗದ 18,201 ಜನರಲ್ಲಿ ಅಪಿಕ್ಸಾಬಾನ್ ಎಂಬ ಹೊಸ ಮಾತ್ರೆ, ವಾರ್ಫರಿನ್‌ಗಿಂತ ಪಾರ್ಶ್ವವಾಯುವನ್ನೂ ತೀವ್ರ ರಕ್ತಸ್ರಾವವನ್ನೂ ಕಡಿಮೆ ಮಾಡಿತು. ಆದರೆ ನಿಮ್ಮ ಅಜ್ಜಿಯಂಥವರ ಮೇಲೆಯೇ ನೆದರ್ಲೆಂಡ್ಸಿನಲ್ಲಿ ಫ್ರೇಲ್-ಎಎಫ್ ಎಂಬ ಪ್ರಯೋಗ ನಡೆದು 2023ರಲ್ಲಿ ಪ್ರಕಟವಾಯಿತು. ವಾರ್ಫರಿನ್ ವರ್ಗದ ಹಳೆಯ ಮಾತ್ರೆಗೆ ಹೊಂದಿಕೊಂಡಿದ್ದ, ಮೈ ಸೋತ 1,330 ವೃದ್ಧರಿದ್ದರು. ಸರಾಸರಿ ವಯಸ್ಸು 83. ಹೊಸ ಮಾತ್ರೆಗೆ ಬದಲಾಯಿಸಿದವರಲ್ಲಿ ಶೇಕಡಾ 15.3 ಮಂದಿಗೆ, ಹಳೆಯದನ್ನೇ ಮುಂದುವರಿಸಿದವರಲ್ಲಿ ಶೇಕಡಾ 9.4 ಮಂದಿಗೆ ಗಮನಾರ್ಹ ರಕ್ತಸ್ರಾವ ಆಯಿತು. ಒತ್ತಾಯ ಮಾಡುವ ಮೊದಲು ಇದನ್ನು ಅವರ ವೈದ್ಯರ ಮುಂದಿಡಿ, ನೀವಾಗಿ ಏನನ್ನೂ ನಿಲ್ಲಿಸಬೇಡಿ.

ರಾತ್ರಿಪಾಳಿ
ಇನ್ನೊಂದು ಸೇರಿಸುತ್ತೇನೆ, ಏಕೆಂದರೆ ಇದನ್ನು ಜನ ಮರೆಯುತ್ತಾರೆ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು ಈ ಕಾಯಿಲೆ ಬಂದವರು ಆ ದೊಡ್ಡ ಪ್ರಯೋಗಗಳಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಅವರಿಗೂ ಹೊಸ ಮಾತ್ರೆ ಸರಿಹೋಗುತ್ತದೆ ಎಂದುಕೊಂಡೇ ಇನ್ವಿಕ್ಟಸ್ ಪ್ರಯೋಗ ಶುರುವಾಯಿತು. ನಾಲ್ಕೂವರೆ ಸಾವಿರ ಜನ, ಸರಾಸರಿ ವಯಸ್ಸು ಸುಮಾರು 50, ಬಹುಪಾಲು ಹೆಂಗಸರು. 2022ರಲ್ಲಿ ಫಲಿತಾಂಶ ಬಂದಾಗ ಹಳೆಯ ವಾರ್ಫರಿನ್ ವರ್ಗದ ಮಾತ್ರೆ ತೆಗೆದುಕೊಂಡವರಲ್ಲೇ ಸಾವು ಕಡಿಮೆಯಿತ್ತು, ಹೊಸ ಮಾತ್ರೆ ರಿವಾರೊಕ್ಸಾಬಾನ್ ಹಿಂದೆ ಬಿತ್ತು, ಅದೂ ರಕ್ತಸ್ರಾವದಲ್ಲಿ ಹೇಳಿಕೊಳ್ಳುವ ಲಾಭವಿಲ್ಲದೆ.

ಸಂಶಯಪ್ರಾಣಿ
ಹಾಗಾದರೆ ಒಬ್ಬರ ಮೇಲಿನ ಪ್ರಯೋಗ ಇನ್ನೊಬ್ಬರಿಗೆ ಅನ್ವಯಿಸುವುದೇ ಇಲ್ಲವೆಂದಾಯಿತು. ಎಲ್ಲಿಗೆ ಬಂತು ನಿಮ್ಮ ವಿಜ್ಞಾನ?

ಅಂಕಿಗಾರ
ಎಲ್ಲಿಗೆ ಬಂತೆಂದರೆ, ಮಾತ್ರೆಯ ಹೆಸರಿಗಿಂತ ಮೊದಲು ರೋಗಿಯ ವಿವರ ಓದುವ ಹಂತಕ್ಕೆ ಬಂತು. ಲಯ ಸರಿಪಡಿಸಲು ಕೊಡುವ ಡ್ರೊನೆಡರೋನ್ ಎಂಬ ಒಂದೇ ಮಾತ್ರೆ 2009ರ ಅಥೀನಾ ಪ್ರಯೋಗದಲ್ಲಿ, ಬಂದು ಹೋಗುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಲ್ಲಿ ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡಿತು. 2011ರ ಪಲ್ಲಾಸ್ ಪ್ರಯೋಗದಲ್ಲಿ, ಅದು ಶಾಶ್ವತವಾಗಿ ನೆಲೆಸಿದವರಲ್ಲಿ ಪಾರ್ಶ್ವವಾಯು, ಹೃದಯ ವೈಫಲ್ಯ ಮತ್ತು ಸಾವನ್ನು ಹೆಚ್ಚಿಸಿದ್ದರಿಂದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ನೀವು ಇದನ್ನು ವಿಜ್ಞಾನದ ಸೋಲು ಎನ್ನುತ್ತೀರಿ. ನನಗೆ, ಎರಡನೆಯದನ್ನು ಮಾಡದೇ ಬಿಟ್ಟಿದ್ದರೆ ಅದು ಸೋಲು.

ಪ್ರಶ್ನಾರ್ಥಕ
ನಿನ್ನೆ ತಂದೆಯವರೊಡನೆ ಪ್ರಯೋಗದ ಕಚೇರಿಗೆ ಹೋಗಿ ಬಂದೆ. ಇಲ್ಲಿ ಓದಿದ್ದರ ಮೇಲೆ ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ಏನನ್ನು ಎಣಿಸುತ್ತೀರಿ ಎಂದು ಕೇಳಿದ್ದಕ್ಕೆ, ಮುಖ್ಯವಾಗಿ ಲಯ ತಪ್ಪಿದ ಹೊತ್ತು, ಜೊತೆಗೆ ಆಸ್ಪತ್ರೆ ಸೇರುವಿಕೆ ಮತ್ತು ಬದುಕಿನ ಗುಣಮಟ್ಟ ಎಂದರು. ಸಾವನ್ನು ದಾಖಲಿಸುತ್ತಾರಾದರೂ, ಅದರಲ್ಲಿ ವ್ಯತ್ಯಾಸ ತೋರಿಸುವಷ್ಟು ಜನ ಈ ಪ್ರಯೋಗದಲ್ಲಿ ಇಲ್ಲವೆಂದು ಅವರೇ ಒಪ್ಪಿಕೊಂಡರು. ಆ ನೇರ ಮಾತು ನನಗೆ ಹಿಡಿಸಿತು. ಹೆಪ್ಪುಗಟ್ಟದ ಮಾತ್ರೆಯನ್ನು ಎರಡೂ ಗುಂಪಿನಲ್ಲಿ ಮುಂದುವರಿಸುತ್ತಾರೆ. ತಂದೆಯವರು ನನಗೆ ತೋಚದ ಪ್ರಶ್ನೆಯೊಂದನ್ನು ಕೇಳಿದರು: ಮಾತ್ರೆಯ ಗುಂಪಿಗೆ ಬಿದ್ದು ಅದರಿಂದ ಹಿಡಿತಕ್ಕೆ ಬಾರದಿದ್ದರೆ ನನ್ನನ್ನು ಹಾಗೆಯೇ ಬಿಟ್ಟುಬಿಡುತ್ತೀರಾ? ಇಲ್ಲ, ಆಗ ಅಬ್ಲೇಷನ್ ಮಾಡುತ್ತೇವೆ, ಆದರೆ ಎಣಿಕೆಯಲ್ಲಿ ನೀವು ಮಾತ್ರೆಯ ಗುಂಪಿನವರಾಗಿಯೇ ಇರುತ್ತೀರಿ ಎಂದರು. ಕಬಾನಾದ ಕಥೆ ಓದಿದ್ದರಿಂದ ಅದು ಏಕೆಂದು ಅವರಿಗೆ ನಾನೇ ವಿವರಿಸಿದೆ.

ಒಂದು ವಿಷಯದಲ್ಲಿ ಅನುಮಾನ ಉಳಿದಿದೆ. ಚರ್ಮದಡಿ ಇರಿಸುವ ದಾಖಲೆ ಯಂತ್ರವನ್ನು ಎರಡೂ ಗುಂಪಿನವರಿಗೆ ಹಾಕುತ್ತಾರಂತೆ. ಮಾತ್ರೆ ನುಂಗುವವರಿಗೂ ಚರ್ಮ ಕೊಯ್ದು ಯಂತ್ರ ಇಡುವುದೇಕೆ, ಆಗಾಗ ಇಸಿಜಿ ತೆಗೆದರೆ ಸಾಲದೇ ಎಂದು ತಂದೆಯವರು ತಕರಾರು ಮಾಡುತ್ತಿದ್ದಾರೆ. ಸಹಿ ಹಾಕಲು ಸೋಮವಾರದವರೆಗೆ ಸಮಯವಿದೆ.

ರಾತ್ರಿಪಾಳಿ
ಅದನ್ನು ಎರಡೂ ಗುಂಪಿಗೆ ಹಾಕುವುದೇ ಸರಿ, ತಂದೆಯವರಿಗೆ ಹೀಗೆ ಹೇಳಿ ನೋಡಿ. 2021ರ ಲೂಪ್ ಪ್ರಯೋಗದಲ್ಲಿ, ಕಾಯಿಲೆಯೇ ಪತ್ತೆಯಾಗಿರದ 6,004 ಹಿರಿಯರನ್ನು ತೆಗೆದುಕೊಂಡು ಕೆಲವರಿಗೆ ಈ ಯಂತ್ರ ಇಟ್ಟರು. ಯಂತ್ರವಿದ್ದವರಲ್ಲಿ ಶೇಕಡಾ 31.8 ಮಂದಿಯಲ್ಲಿ, ಮಾಮೂಲಿ ತಪಾಸಣೆಯವರಲ್ಲಿ ಶೇಕಡಾ 12.2 ಮಂದಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಸಿಕ್ಕಿತು. ಯಂತ್ರ ಕಾಯಿಲೆ ತರಲಿಲ್ಲ, ಹೆಚ್ಚು ನೋಡಿದ್ದರಿಂದ ಹೆಚ್ಚು ಕಂಡಿತು. ಒಂದು ಗುಂಪನ್ನು ಹಗಲೂ ರಾತ್ರಿ ನೋಡಿ, ಇನ್ನೊಂದನ್ನು ಮೂರು ತಿಂಗಳಿಗೊಮ್ಮೆ ನೋಡಿದರೆ, ನೋಡದೇ ಬಿಟ್ಟ ಗುಂಪೇ ಗುಣವಾದಂತೆ ಕಾಣುತ್ತದೆ.

ಪ್ರಶ್ನಾರ್ಥಕ
ಓದಿ ಹೇಳಿದೆ. ‘ಹಾಗಾದರೆ ಎಡಗಡೆ ಹಾಕಲಿ, ಆದರೆ ನಾನು ಎಡಮಗ್ಗುಲಿಗೆ ಮಲಗುವವನು, ಒತ್ತುತ್ತದೆಯೋ ಕೇಳು’ ಎಂದರು.

ಹಳೆಯ_ರೋಗಿ
ಮೊದಲ ವಾರ ಒತ್ತುತ್ತದೆ. ಆಮೇಲೆ ಅದು ಇರುವುದೇ ಮರೆತುಹೋಗುತ್ತದೆ.